ಎರಡನೆಯ ಬೀಗ

…ಒಂದು ಬಾಗಿಲಿಗೆ ಎರಡು ಬೀಗವಿದ್ದರೆ ಕಳ್ಳನಿಗೆ ಬೇಸರ ಎಂದು ನೀವು ಹೇಳುತ್ತಿದ್ದಿರಂತೆ. ಕಳ್ಳನಿಗಲ್ಲ, ಮಾಲೀಕನಿಗೆ ಎನ್ನುವವರೂ ಇದ್ದಾರೆ. ಮಾತು ನಮ್ಮವರೆಗೆ ಅರ್ಧವೇ ಬಂದಿದೆ. ಇಂದು ೨೨೯೧ರ ವೈಶಾಖದ ನಲವತ್ತನೆಯ ದಿನ. ಬೇಸಿಗೆ ಬೆಳೆದಂತೆ ತಿಂಗಳನ್ನೂ ಬೆಳೆಸಿಕೊಂಡೆವು. ನನ್ನ ಕನ್ನಡ ಪರಕೀಯವೆನಿಸಿದರೆ ಕ್ಷಮಿಸಿ, ನಾಗೂಬಾಯಿ ಅವ್ವ.

ಎರಡೂವರೆ ಶತಮಾನದ ಹಿಂದೆ ನೀವು ಈ ಊರಿನ ಪುರಸಭೆಗೆ ಅಧ್ಯಕ್ಷರಾಗಿದ್ದಿರಿ. ಸಿಮೆಂಟ್ ಕಾರ್ಖಾನೆ ಕಲ್ಲು ತೆಗೆದು ಬಿಟ್ಟ ಗಣಿಯಲ್ಲಿ ಮಳೆನೀರು ನಿಂತಿತ್ತು. ಆ ನೀರು, ಅದನ್ನು ಸೋಸುವ ಯಂತ್ರ ಕಾರ್ಖಾನೆ ಕೊಟ್ಟದ್ದು. ಕೊಳವೆ, ನಲ್ಲಿ, ಕೆಲಸದವರು ಪುರಸಭೆಯ ಪಾಲು. ಉದ್ಘಾಟನೆಯ ದಿನ ನೀರುಮನೆಯ ಕೀಲಿ ಯಾರ ಬಳಿ ಇರಬೇಕೆಂದು ಜಗಳವಾಯಿತು. ಕಾರ್ಖಾನೆಯ ಅಧಿಕಾರಿ ಪೈಯವರು ಹೊಸ ಬೀಗ ತಂದಿದ್ದರು. ಪುರಸಭೆ ಬೀಗ ಕೊಳ್ಳಬೇಕಾದರೆ ಮೊದಲು ಠರಾವು ಆಗಬೇಕು. ನೀವು ಮನೆಗೆ ಹೋಗಿ ನಿಮ್ಮ ತಲೆಬಾಗಿಲಿನ ಬೀಗವನ್ನೇ ಕಳಚಿ ತಂದಿರಿ.

"ನಿಮ್ಮ ಬೀಗ ನೀವು ಹಾಕ್ರಿ ಸಾಹೇಬ್ರೇ, ನಂದೂ ಒಂದು ಇರ್ಲಿ. ನಾಳಿಂದ ಒಬ್ಬರ ಮಾರಿ ಒಬ್ಬರು ನೋಡೇ ನೀರು ಬಿಡೋಣ."

ಮರುದಿನ ಪೈಯವರ ಆಳು ತಡವಾಗಿ ಬಂದ. ಊರು ಕೊಡ ಹಿಡಿದು ನಿಂತಿತು. ಎರಡು ಬೀಗ ಹಾಕಿದ್ದನ್ನು ಎಲ್ಲರೂ ತಪ್ಪೆಂದೇ ಕರೆದರು. ಆದರೆ ಬೀಗ ಉಳಿಯಿತು, ಕಾಯುವುದೂ ಉಳಿಯಿತು. ಕಾಯುವಾಗ ಜನ ಮಾತಾಡಿದರು. ಯಾವ ಓಣಿಗೆ ನೀರು ಏರುವುದಿಲ್ಲ, ಒಣಹಾಕಿದ ಬಟ್ಟೆಯ ಮೇಲೆ ಕಾರ್ಖಾನೆಯ ದೂಳು ಎಲ್ಲಿ ಕೂರುತ್ತದೆ, ಹೆಣ್ಣುಮಕ್ಕಳು ಶಾಲೆ ಯಾಕೆ ಬಿಟ್ಟರು. ಶಾಲೆಯ ಶೌಚಾಲಯ, ದೂಳು ಹಿಡಿಯುವ ಬೇವಿನ ಸಾಲು, ಎಲ್ಲವೂ ನೀರುಮನೆಯ ಮುಂದಿನ ಆ ಕಟ್ಟೆಯ ಮೇಲೆ ಹುಟ್ಟಿದವು. ಕಾರ್ಖಾನೆ ಊರಿಗೆ ಮಾಡಬೇಕಾದ ಇಂಥ ಕೆಲಸವನ್ನು ನೀವು ಸಿಎಸ್‌ಆರ್ ಎನ್ನುತ್ತಿದ್ದಿರಂತೆ. ಆ ಅಕ್ಷರಗಳು ಅಳಿದಿವೆ. ನಾವು 'ಹೊಣೆ' ಎನ್ನುತ್ತೇವೆ. ಬಾಗಿಲ ಮುಂದೆ ಇಬ್ಬರು ಕೂಡುವ ಬೆಳಗಿನ ಹೊತ್ತಿಗೆ ನಮ್ಮಲ್ಲಿ ಅದೇ ಹೆಸರು.

ಈಗ ಪುರಸಭೆಯ ಕೀಲಿ ನನ್ನದು. ಕಾರ್ಖಾನೆಯದು ಅಲ್ಲಿ ಕೆಲಸ ಮಾಡುವ ಹುಡುಗಿ ರಿಹಾನಾಳದು. ಕಾರ್ಖಾನೆ ಸಿಮೆಂಟ್ ಬಿಟ್ಟು ತಂಪುಗಲ್ಲು ಮಾಡುತ್ತಿದೆ; ಅಂದರೆ ಬಿಸಿಲು ಕುಡಿದೂ ಕಾಯದ ಚಾವಣಿಯ ಹಾಸು. ಮೊದಲ ಹಾಸು ಆಸ್ಪತ್ರೆಗೋ ಅಂಗನವಾಡಿಗೋ ಎಂಬುದೂ ಹೊಣೆಯಲ್ಲೇ ತೀರ್ಮಾನವಾಯಿತು. ನಾನು ಮಾತು ಕಡಿಮೆಯ ಮನುಷ್ಯ. ಬೇರೆಲ್ಲೂ ಯಾರ ಪಕ್ಕದಲ್ಲೂ ಇಷ್ಟು ಹೊತ್ತು ಕೂತವನಲ್ಲ. ತಡವಾದ ದಿನ ರಿಹಾನಾ ಬಿಡುವುದಿಲ್ಲ: "ನಿಮ್ಮ ಪುರಸಭಿ ಎದ್ದು ಬರೂತನಕ ನೀರೇ ನಿದ್ದಿ ಹೋಗ್ತದ, ಕಾಕಾ."

ನಾಳೆ ಸಭೆಯಿದೆ. ಹೊತ್ತಿಗೆ ಸರಿಯಾಗಿ ತಾನೇ ತೆರೆಯುವ ಬಾಗಿಲು ಕೊಡಲು ಕಾರ್ಖಾನೆ ಸಿದ್ಧವಿದೆ, ಪುರಸಭೆ ಒಪ್ಪಿದೆ. ಇಬ್ಬರೂ ಜಗಳವಿಲ್ಲದೆ ಒಪ್ಪಿದ್ದು ಇದೇ ಮೊದಲು. ನನಗೆ ಹೆದರಿಕೆಯಾದದ್ದೂ ಅದಕ್ಕೇ. ಒಬ್ಬರು ಬಾರದಿದ್ದರೆ ನೀರೇ ನಿಲ್ಲುತ್ತದೆ ಎಂಬ ಅವರ ಮಾತು ಸುಳ್ಳಲ್ಲ. ಹೋದ ತಿಂಗಳು ರಿಹಾನಾಳಿಗೆ ಜ್ವರ ಬಂದು ಊರು ಮಧ್ಯಾಹ್ನದವರೆಗೆ ಒಣಗಿತ್ತು. ಆದರೂ ನಾಳೆ ಬೇಡವೆನ್ನುತ್ತೇನೆ. ಒಬ್ಬೊಬ್ಬರಿಗೂ ಬದಲಿ ಜೊತೆಗಾರರಿರಲಿ, ಬೀಗ ಎರಡೇ ಇರಲಿ. ಸೋತರೆ ನೀರೇನೋ ಬರುತ್ತದೆ, ಕಟ್ಟೆಗೆ ಯಾರೂ ಬರುವುದಿಲ್ಲ.

ನಿಮಗೆ ನಮಸ್ಕಾರ ಹೇಳಲು ಕೂತವನು ಇಷ್ಟೆಲ್ಲ ಬರೆದೆ. ಪೈಯವರಿಗೂ ತಿಳಿಸಿ; ಅವರ ಬೀಗ ಎಂದೋ ತುಕ್ಕು ಹಿಡಿದು ಬದಲಾಯಿತು, ನಿಮ್ಮದು ಇನ್ನೂ ತಿರುಗುತ್ತದೆ. ಪ್ರತಿ ಬೆಳಗ್ಗೆ ಅದನ್ನು ಕೈಗೆತ್ತಿಕೊಂಡಾಗ ಬರುವ ಒಂದೇ ಯೋಚನೆ: ಅವ್ವಾ, ತಲೆಬಾಗಿಲಿನ ಬೀಗವನ್ನು ನಮಗೆ ಕೊಟ್ಟ ಆ ದಿನ, ನಿಮ್ಮ ಮನೆಗೆ ಏನು ಹಾಕಿ ಮಲಗಿದಿರಿ?