ಎರಡು ಟ್ಯಾಬ್, ಒಬ್ಬರೇ ಅಪ್ಪಾಜಿ

ಬಸವೇಶ್ವರನಗರ, ಬೆಂಗಳೂರು
ಭಾನುವಾರ, ೧೬ ನವೆಂಬರ್ ೨೦೨೫

ಪ್ರೀತಿಯ ವಚ್ಚೀ,

ನಿನ್ನ ಸೊಂಟನೋವು ಈಗ ಹೇಗಿದೆ? ನಾಗಪುರದಲ್ಲಿ ಚಳಿ ಶುರುವಾಗಿರಬೇಕು, ಬೆಳಗ್ಗೆ ಎದ್ದವಳೇ ತಣ್ಣೀರಿನಲ್ಲಿ ಕೈಯಾಡಿಸುತ್ತಾ ನಿಲ್ಲಬೇಡ. ನಿನ್ನ ಯಜಮಾನರು ಚನ್ನವೀರೇಶ್ ಅವರಿಗೆ ರೈಲ್ವೆ ಕ್ವಾರ್ಟರ್ಸ್ ಬದಲಾಗುತ್ತದೆ ಎಂದಿದ್ದೆಯಲ್ಲ, ಸಾಮಾನು ಸಾಗಿಸಿ ಆಯಿತೇ? ಇಲ್ಲಿ ನಿನ್ನ ಭಾವ ಕಿರಣ್ ಚೆನ್ನಾಗಿದ್ದಾರೆ, ನಾನೂ ಚೆನ್ನಾಗಿದ್ದೇನೆ. ಅಪ್ಪಾಜಿಯೂ ಚೆನ್ನಾಗಿದ್ದಾರೆ ಎಂದು ಬರೆಯಲು ಹೋಗಿ ಪೆನ್ನು ನಿಂತಿತು. ಆ ವಿಷಯಕ್ಕೇ ಬರುತ್ತೇನೆ. ಫೋನ್ ಇರುವಾಗ ಅಕ್ಕ ಕಾಗದ ಯಾಕೆ ಬರೆದಳು ಎಂದು ನಿನಗೆ ಆಶ್ಚರ್ಯವಾಗಬಹುದು. ನಾನು ಅಪ್ಪಾಜಿಗೆ ಕೊಡಿಸಿದ ಟ್ಯಾಬ್‌ಗೆ ನನ್ನ ವಾಟ್ಸಾಪನ್ನೇ ಜೋಡಿಸಿಟ್ಟಿದ್ದೇನೆ. ನಿನಗೆ ಏನು ಕಳಿಸಿದರೂ ಅದು ಅಪ್ಪಾಜಿಯ ಮುಂದೆ ಟಣ್ ಎನ್ನುತ್ತದೆ. ಕರೆ ಮಾಡಿ ಹೇಳೋಣವೆಂದರೆ ಈ ಮನೆಯ ಗೋಡೆಗಳು ನಿನಗೆ ಗೊತ್ತು. ಅಪ್ಪಾಜಿಗೆ ಗಂಟಲು ಹೋಗಿದೆಯೇ ಹೊರತು ಕಿವಿ ಹೋಗಿಲ್ಲ.

ನನಗೆ ನಿನ್ನ ಮೇಲೆ ಹೊಟ್ಟೆಕಿಚ್ಚು ಕಣೇ. ನಲವತ್ತೊಂಬತ್ತು ವರ್ಷ ವಯಸ್ಸಾಗಿ, ಗೋವಿಂದರಾಜನಗರದ ಹೈಸ್ಕೂಲಿನಲ್ಲಿ ಮಕ್ಕಳಿಗೆ ಗಣಿತ ಹೇಳಿಕೊಡುವ ಹೆಂಗಸು ಬರೆಯುವ ಮಾತಲ್ಲ ಇದು, ಆದರೂ ಬರೆಯುತ್ತಿದ್ದೇನೆ. ಈಗಿನದಲ್ಲ, ಹಳೆಯದು. ಅಪ್ಪಾಜಿ ಮೆಜೆಸ್ಟಿಕ್ಕಿನ ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಬಸ್ಸುಗಳ ಹೆಸರು ಕೂಗುತ್ತಿದ್ದಾಗ, ಒಂದು ಬೇಸಿಗೆ ರಜೆಯಲ್ಲಿ ನಮ್ಮಿಬ್ಬರನ್ನೂ ಕರೆದುಕೊಂಡು ಹೋಗಿದ್ದರಲ್ಲ? ನಿನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು ‘ತುಮಕೂರು, ಸಿರಾ, ಹಿರಿಯೂರು, ಚಿತ್ರದುರ್ಗ’ ಎಂದು ಮೈಕಿನಲ್ಲಿ ಹೇಳಿಸಿದರು. ಇಡೀ ನಿಲ್ದಾಣ ನಿನ್ನ ತೊದಲು ಕೇಳಿ ನಕ್ಕಿತು. ನನಗೆ, ನೀನು ದೊಡ್ಡವಳು, ಟಿಫಿನ್ ಕ್ಯಾರಿಯರ್ ಹಿಡ್ಕೊಂಡು ಬಾಗಿಲ ಹತ್ರ ನಿಲ್ಲು ಎಂದರು. ಎಷ್ಟೋ ಸಲ ನಾನಿನ್ನೂ ಅಲ್ಲಿಯೇ ನಿಂತಿದ್ದೇನೆ ಅನ್ನಿಸುತ್ತದೆ.

ಏಪ್ರಿಲ್‌ನಲ್ಲಿ ಆಪರೇಷನ್ ಮಾಡಿ ಅವರ ಧ್ವನಿಪೆಟ್ಟಿಗೆ ತೆಗೆದ ಮೇಲೆ ಎರಡು ತಿಂಗಳು ಸ್ಲೇಟಿನಲ್ಲಿ ಕಳೆದೆವು. ಬರೆದದ್ದನ್ನು ಓದಿ ಹೇಳುವ ಟ್ಯಾಬ್ ಕೊಡಿಸಿ ಎಂದು ಡಾಕ್ಟರ್ ಹೇಳಿದಾಗ ಮಾರೇನಹಳ್ಳಿಯಲ್ಲಿ ನನ್ನ ಹಳೆಯ ವಿದ್ಯಾರ್ಥಿ ಶ್ರೀಶನ ಅಂಗಡಿಗೆ ಕರೆದುಕೊಂಡು ಹೋದೆ. ಅವನು ಎರಡನ್ನು ಪಕ್ಕಪಕ್ಕ ಇಟ್ಟ. “ಮಿಸ್, ಇದು ಆಂಡ್ರಾಯ್ಡ್, ಅದು ಐಪ್ಯಾಡ್. ಎರಡು ಬೇರೆ ಬೇರೆ ಬಾಡಿಗೆ ಮನೆ ಇದ್ದಂಗೆ. ಇದ್ರಲ್ಲಿ ಗೋಡೆಗೆ ಎಲ್ಲಿ ಬೇಕಾದ್ರೂ ಮೊಳೆ ಹೊಡ್ಕೋಬಹುದು. ಅದ್ರಲ್ಲಿ ಓನರ್ ಹೇಳಿದ್ ಜಾಗದಲ್ಲೇ ಹೊಡೀಬೇಕು, ಆದ್ರೆ ಮನೆ ನೀಟಾಗಿರತ್ತೆ” ಎಂದ. ಅಪ್ಪಾಜಿ ಎರಡರಲ್ಲೂ ‘ಪ್ರಯಾಣಿಕರ ಗಮನಕ್ಕೆ’ ಎಂದು ಬರೆದು ಕೇಳಿಸಿಕೊಂಡರು. ಆಂಡ್ರಾಯ್ಡಿನಲ್ಲಿ ಶ್ರೀಶ ಹುಡುಕಿ ಒಂದು ಗಂಡುದನಿ ಹಾಕಿಕೊಟ್ಟ. ಐಪ್ಯಾಡಿನದು ಹೆಣ್ಣುದನಿ. ಕೆಲಸ ಕೇಳಿಕೊಂಡು ಬಂದವರ ಗಂಟಲನ್ನು ಪರೀಕ್ಷೆ ಮಾಡುವವರ ಹಾಗೆ ಕಣ್ಣು ಮುಚ್ಚಿ ಕೂತಿದ್ದರು. ಯಾವುದು ಬೇಕು ಅಪ್ಪಾಜಿ ಎಂದೆ. ಸ್ಲೇಟು ತೆಗೆದುಕೊಂಡು, ‘ವಚನಾನ್ನ ಕೇಳೋಣ’ ಎಂದು ನಿನ್ನ ಹೆಸರು ಬರೆದರು.

ಏಪ್ರಿಲ್‌ನಿಂದ ಅವರ ಪಕ್ಕದಲ್ಲಿ ಇದ್ದವಳು ನಾನು. ಉಸಿರಾಡಲು ಕತ್ತಿನಲ್ಲಿ ಮಾಡಿದ ರಂಧ್ರ ಒರೆಸಿ, ಬಟ್ಟೆ ಬದಲಾಯಿಸಿ, ರಜೆಯನ್ನೆಲ್ಲ ಆಸ್ಪತ್ರೆಗೆ ಸುರಿದವಳು ನಾನು. ಶ್ರೀಶನ ಎದುರಿಗೆ ನನ್ನ ಮುಖ ಹೇಗಾಗಿರಬೇಡ! ಆಂಡ್ರಾಯ್ಡೇ ಪ್ಯಾಕ್ ಮಾಡಪ್ಪಾ ಎಂದುಬಿಟ್ಟೆ. ನನ್ನ ಫೋನಿನಂತೆಯೇ ಇದೆ, ಏನಾದರೂ ಆದರೆ ನಾನೇ ಸರಿಮಾಡಬಹುದು, ಗಂಡಸಿಗೆ ಗಂಡುದನಿಯೇ ಒಪ್ಪುತ್ತದೆ ಎಂದು ದಾರಿಯುದ್ದಕ್ಕೂ ಆಟೋದಲ್ಲಿ ಕಾರಣ ಕೊಟ್ಟೆ. ಅವರು ಹೂಂ ಎನ್ನುವಂತೆ ತಲೆಯಾಡಿಸಿದರು. ಮೂರು ವಾರ ಕಳೆದಿರಲಿಲ್ಲ, ನಿನ್ನ ಐಪ್ಯಾಡ್ ಕೊರಿಯರ್‌ನಲ್ಲಿ ಬಂತು.

ಆಗಸ್ಟ್ ಹೊತ್ತಿಗೆ ನನ್ನದು ಟಿವಿ ಸ್ಟ್ಯಾಂಡಿನ ಮೇಲೆ ಕಸೂತಿ ಬಟ್ಟೆ ಹೊದ್ದು ಮಲಗಿತ್ತು. ನಿನ್ನದು ಅಪ್ಪಾಜಿಯ ಕಂಕುಳಲ್ಲಿ ವಾಕಿಂಗಿಗೂ ಹೋಗುತ್ತಿತ್ತು. ತಳ್ಳುಗಾಡಿಯ ಮುಂದೆ ನಿಂತು ಆ ಹೆಣ್ಣುದನಿಯಲ್ಲಿ “ಕೊತ್ತಂಬರಿ ಎರಡು ಕಟ್ಟು ಕೊಡಮ್ಮ” ಎಂದು ಹೇಳಿಸುತ್ತಿದ್ದರು. ಎದುರುಮನೆಯ ವಿಮಲಮ್ಮ, “ಚಿಕ್ಕ ಮಗಳು ಕಳ್ಸಿದ್ದಾ ಸಾರ್? ಅದಕ್ಕೇ ಕೈಬಿಡ್ತಾನೇ ಇಲ್ಲ ನೀವು!” ಎಂದರೆ ಇವರು ಮುಖ ಅರಳಿಸಿ ತಲೆಯಾಡಿಸುವರು. ನಾನು ತಾರಸಿಯ ಮೇಲೆ ಇವರ ಪಂಚೆ ಒಣಹಾಕುತ್ತಾ ಕೇಳಿಸಿಕೊಳ್ಳುತ್ತಿದ್ದೆ. “ಒಬ್ರಿಗೆ ಎರಡಿದ್ರೆ ಏನಾಯ್ತೇ, ನಿಂಗೇನು ಹುಚ್ಚಾ?” ಎಂದು ಕಿರಣ್ ನಗುತ್ತಿದ್ದರು. ನಾನು ನಿನ್ನ ಐಪ್ಯಾಡನ್ನು ಮುಟ್ಟುತ್ತಿರಲಿಲ್ಲ. ಧೂಳು ಕೂತರೂ ಒರೆಸುತ್ತಿರಲಿಲ್ಲ. ಅದರಲ್ಲಿ ಅವರು ಏನಾದರೂ ಬರೆಯಲು ಕೂತರೆ ಎದ್ದು ಅಡುಗೆಮನೆಗೆ ಹೋಗಿಬಿಡುತ್ತಿದ್ದೆ.

ದೀಪಾವಳಿಯ ದಿನ ನೀನು ವಿಡಿಯೋ ಕರೆ ಮಾಡಿದೆಯಲ್ಲ, ಅವತ್ತು ಅವರು ಮನೆಯ ಒಂದೊಂದು ದೀಪದ ಮುಂದೆಯೂ ಐಪ್ಯಾಡ್ ಹಿಡಿದು ನಿನಗೆ ತೋರಿಸಿದರು. ಆ ದೀಪಗಳನ್ನು ಹಚ್ಚಿದವಳು ಪಕ್ಕದಲ್ಲೇ ಇದ್ದಳು, ಅವಳತ್ತ ತಿರುಗಿಸಲಿಲ್ಲ. ಮಾರನೆಯ ದಿನ ಅವರು ಸ್ನಾನಕ್ಕೆ ಹೋದಾಗ ಐಪ್ಯಾಡನ್ನು ನನ್ನ ಬೀರುವಿನಲ್ಲಿ ರೇಷ್ಮೆ ಸೀರೆಗಳ ಕೆಳಗೆ ಇಟ್ಟು ಬೀಗ ಹಾಕಿದೆ. ಸ್ಕ್ರೀನ್ ಕಪ್ಪಾಗಿತ್ತು ಅಪ್ಪಾಜಿ, ರಿಪೇರಿಗೆ ಕೊಟ್ಟಿದೀನಿ ಎಂದೆ. ನಿನಗೂ ಅದೇ ಸುಳ್ಳು ಹೇಳಿದೆ. ಪಾಪ, ನೀನು ಬಿಲ್ ನಾನು ಕಳಿಸ್ತೀನಿ ಅಕ್ಕ ಎಂದೆ. ಅವರು ಕಸೂತಿ ಬಟ್ಟೆ ಸರಿಸಿ ನನ್ನ ಟ್ಯಾಬ್ ಎತ್ತಿಕೊಂಡರು. ಮನೆಯಲ್ಲಿ ಗಂಡುದನಿ ಕೇಳಿಸಿತು. ಗೆದ್ದೆ ಅನ್ನಿಸಿತು ವಚ್ಚೀ, ಸುಳ್ಳು ಹೇಳುವುದಿಲ್ಲ.

ಹೋದ ಸೋಮವಾರ ಆಸ್ಪತ್ರೆಯಲ್ಲಿ ತೂಕ ನೋಡಿದರು. ನಾಲ್ಕು ಕೆಜಿ ಇಳಿದಿತ್ತು. ಊಟ ಸೇರ್ತಾ ಇದೆಯಾ ಎಂದು ಡಾಕ್ಟರ್ ಕೇಳಿದಾಗ ಅಪ್ಪಾಜಿ ಟ್ಯಾಬಿನಲ್ಲಿ ಏನೋ ಬರೆಯತೊಡಗಿದರು. ಅವರು ನಿಧಾನ, ನಿನಗೆ ಗೊತ್ತಲ್ಲ. ಚೆನ್ನಾಗಿ ತಿಂತಾರೆ ಡಾಕ್ಟ್ರೇ ಎಂದು ನಾನು ಹೇಳಿದೆ. “ಮೇಡಂ, ಅವ್ರು ಬರ್ದು ಮುಗಿಸ್ಲಿ” ಎಂದಳು ಆ ಡಾಕ್ಟರ್ ಹುಡುಗಿ, ಮೆತ್ತಗೆ. ಅಪ್ಪಾಜಿ ಒಮ್ಮೆ ನನ್ನ ಮುಖ ನೋಡಿದರು. ಬರೆದಷ್ಟನ್ನೂ ಅಳಿಸಿದರು. ಆಮೇಲೆ ನಾನು ಆರಿಸಿದ ಗಂಡುದನಿ ಹೇಳಿತು: “ಚೆನ್ನಾಗಿ ತಿಂತೀನಿ.”

ಅವರು ಅಳಿಸಿದ್ದು ಏನು ಎಂಬ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಮನೆಗೆ ಬಂದು, ಅವರು ಮಲಗಿದ ಮಧ್ಯಾಹ್ನದ ಹೊತ್ತಿನಲ್ಲಿ ಬೀರು ತೆಗೆದೆ. ಐಪ್ಯಾಡಿನ ಪಾಸ್‌ವರ್ಡನ್ನು ಮರೆತುಹೋಗದಿರಲೆಂದು ಅಪ್ಪಾಜಿ ಚೀಟಿಯಲ್ಲಿ ಬರೆದು ಅದರ ಕವರಿನ ಒಳಗೇ ಅಂಟಿಸಿದ್ದರು. ಚಾರ್ಜಿಗೆ ಹಾಕಿ ತೆರೆದೆ. ಅವರು ನಿನಗೆ ಬರೆದದ್ದು, ನೀನು ಅವರಿಗೆ ಬರೆದದ್ದು, ನಾಲ್ಕು ತಿಂಗಳಿನದು. ಓದಬಾರದಿತ್ತು. ಪೂರ್ತಿ ಓದಿದೆ.

ನಿನ್ನನ್ನು ಹೊಗಳಿದ್ದರೆ ಅತ್ತು ಸುಮ್ಮನಾಗುತ್ತಿದ್ದೆನೇನೋ. ಅದೆಲ್ಲ ನನ್ನ ಮೇಲಿನ ದೂರು. ‘ಮಾಮೂಲಿ ಊಟ ಮಾಡಬಹುದು ಅಂತ ಜುಲೈನಲ್ಲೇ ಡಾಕ್ಟರ್ ಹೇಳಿದಾರೆ. ರಂಜು ಇನ್ನೂ ಎಲ್ಲಾನೂ ಮಿಕ್ಸಿಗೆ ಹಾಕ್ತಾಳೆ. ಅನ್ನ ಯಾವುದು ಪಲ್ಯ ಯಾವುದು ಗೊತ್ತಾಗಲ್ಲ. ಐದು ಗಂಟೆಗೆ ಎದ್ದು ಮಾಡ್ತಾಳೆ, ಹೆಂಗೆ ಹೇಳ್ಲಿ?’ ಇನ್ನೊಂದು ದಿನ: ‘ನಾನು ಅರ್ಧ ಬರೆಯೋ ಅಷ್ಟ್ರಲ್ಲಿ ಅವಳು ಮಿಕ್ಕಿದ್ದನ್ನ ಹೇಳಿ ಮುಗಿಸ್ತಾಳೆ. ನಿನ್ನ ಐಪ್ಯಾಡ್ ಹತ್ರ ಮಾತ್ರ ಬರಲ್ಲ. ಅದಕ್ಕೆ ಇದರಲ್ಲಿ ನನ್ನ ಮಾತು ಪೂರ್ತಿ ಆಗತ್ತೆ.’ ಗಂಡುದನಿಯ ಬಗ್ಗೆಯೂ ಇತ್ತು: ‘ಅದನ್ನ ಕೇಳಿದ್ರೆ ನನ್ನ ಕುರ್ಚಿಲಿ ಬೇರೆ ಯಾರೋ ಬಂದು ಕೂತಂಗೆ. ಹೆಣ್ಣುದನಿ ಆದ್ರೆ ಮಗಳು ನನ್ನ ಪರವಾಗಿ ಮಾತಾಡ್ತಾಳೆ ಅನ್ಕೋತೀನಿ.’ ಯಾವ ಮಗಳು ಎಂದು ಬರೆದಿರಲಿಲ್ಲ. ನಿನಗೆ ಬರೆದ ಸಂದೇಶದಲ್ಲಿ ಅದನ್ನು ಬೇರೆ ಹೇಳಬೇಕೇ?

ಇಷ್ಟೆಲ್ಲ ನಿನಗೆ ಗೊತ್ತಿದ್ದೂ ನನಗೊಂದು ಮಾತು ಹೇಳಲಿಲ್ಲವಲ್ಲ ಎಂದು ಮೊದಲು ನಿನ್ನ ಮೇಲೆಯೇ ಕೋಪ ಬಂತು. ಆಮೇಲೆ, ನೀನು ಹೇಳಿದ್ದರೆ ನಾನು ಕೇಳುತ್ತಿದ್ದೆನೇ ಎಂದುಕೊಂಡೆ. ಮಿಕ್ಸಿಯ ವಿಷಯ ಸತ್ಯ. ನುಂಗುವಾಗ ಏನಾದರೂ ಆಗಿಬಿಟ್ಟರೆ ಎಂಬ ಹೆದರಿಕೆ ನನ್ನದು, ಹಸಿವು ಅವರದು.

ಸಂಜೆ ಐಪ್ಯಾಡನ್ನು ಅವರ ಮುಂದೆ ಇಟ್ಟು, ರಿಪೇರಿಗೆ ಕೊಟ್ಟಿರಲಿಲ್ಲ ಅಪ್ಪಾಜಿ, ನಾನೇ ಬಚ್ಚಿಟ್ಟಿದ್ದೆ, ಓದಿಯೂ ಬಿಟ್ಟೆ ಎಂದೆ. ಅವರು ಐಪ್ಯಾಡನ್ನು ಹತ್ತಿರ ಎಳೆದುಕೊಂಡು ಬರೆಯತೊಡಗಿದರು. ಬಾಯಿಗೆ ಬಂದ ಮಾತನ್ನು ಹಲ್ಲುಕಚ್ಚಿ ಹಿಡಿದುಕೊಂಡು, ಎರಡೂ ಕೈ ತೊಡೆಯ ಕೆಳಗೆ ಇಟ್ಟು ಕೂತೆ. ಕೊನೆಗೆ ಆ ಹೆಣ್ಣುದನಿ ಹೇಳಿತು: “ರಂಜೂ, ಬೈತೀನಿ ಅಂತ ಕಾಯ್ತಾ ಇದೀಯಾ? ಬೈಯಲ್ಲ. ನಾಳೆ ರೊಟ್ಟಿ ಮಾಡು. ಎಣ್ಣೆಗಾಯಿ ಇರ್ಲಿ.” ಮಾರನೆಯ ದಿನ ಅವರು ಬಿಸಿ ರೊಟ್ಟಿಯನ್ನು ಎಣ್ಣೆಗಾಯಿಯ ರಸದಲ್ಲಿ ನೆನೆಸಿ ಒಂದೂವರೆ ತಿಂದರು. ಒಂದೊಂದು ತುತ್ತಿಗೂ ನನ್ನ ಜೀವ ಗಂಟಲಿಗೆ ಬಂತು. ಅವರ ಗಂಟಲಿಗೆ ಏನೂ ಆಗಲಿಲ್ಲ.

ಹೊಟ್ಟೆಕಿಚ್ಚು ಹೋಯಿತು ಎಂದು ತಿಳಿಯಬೇಡ, ಇದೆ. ಆದರೆ ಬೀರುವಿನ ಬೀಗದ ಕೈ ಕಿರಣ್ ಹತ್ತಿರ ಕೊಟ್ಟಿದ್ದೇನೆ. ನಿನ್ನ ಮನೆಯವರಿಗೆ ನನ್ನ ನಮಸ್ಕಾರ ತಿಳಿಸು. ನಿನಗೆ ಒಳ್ಳೆಯದಾಗಲಿ, ಸೊಂಟಕ್ಕೆ ಹರಳೆಣ್ಣೆ ಹಚ್ಚಿಕೋ.

ನಿನ್ನ ಅಕ್ಕ,
ಶಿವರಂಜನಿ

ತಾಜಾ ಕಲಂ: ಒಂದು ಸಂದೇಶದ ವಿಷಯ ಮೇಲೆ ಬರೆಯಲು ಕೈ ಬರಲಿಲ್ಲ. ‘ಎರಡು ತಿಂಗಳು ನಿನ್ನ ಹತ್ರ ಬಂದಿರಲಾ?’ ಎಂದು ಅಪ್ಪಾಜಿ ಸೆಪ್ಟೆಂಬರ್‌ನಲ್ಲೇ ಕೇಳಿದ್ದಾರೆ. ‘ಅಕ್ಕಂಗೆ ನೋವಾಗತ್ತೆ, ಸ್ವಲ್ಪ ತಡೀರಿ’ ಎಂದು ನೀನು ಬರೆದಿದ್ದೀ. ನೋವಾಯಿತು. ಡಿಸೆಂಬರ್ ಆರರ ರೈಲಿಗೆ ಟಿಕೆಟ್ ಮಾಡಿಸಿದ್ದೇನೆ, ಕಿರಣ್ ಕರೆದುಕೊಂಡು ಬರುತ್ತಾರೆ. ಸ್ನಾನ ಮಾಡುವಾಗ ಕತ್ತಿನ ರಂಧ್ರಕ್ಕೆ ಒಂದು ಹನಿ ನೀರೂ ಹೋಗಬಾರದು. ಹೊರಗೆ ಹೋದರೆ ಕತ್ತಿಗೆ ತೆಳು ಬಟ್ಟೆ ಇರಲಿ. ಬರೆಯುವಾಗ ಮುಗಿಯುವವರೆಗೂ ಕಾಯಿ. ಚೆನ್ನಾಗಿ ನೋಡಿಕೋ ವಚ್ಚೀ. ವಾಪಸ್ ಬರಲ್ಲ ಅನ್ನುವಷ್ಟು ಚೆನ್ನಾಗಿ ಮಾತ್ರ ಬೇಡ.