ಕಂಪ್ಲಿಯಿಂದ ಬಂದ ಕುರ್ಚಿ

ಮಾರ್ಚ್ 3, ಭಾನುವಾರ

ಇವತ್ತೂ ಕುರ್ಚಿ ಒರೆಸುತ್ತ ಕುಳಿತೆ. ಸ್ಟೂಲು, ಪೆಟ್ಟಿಗೆ ಆದಮೇಲೆ ನಾನು ಕೊಂಡ ಹಳೇ ಸಾಮಾನು ಇದೇ. ಕಂಪ್ಲಿಯ ಅಕ್ಕಿ ಗಿರಣಿ ಗಾದಿಲಿಂಗಪ್ಪನವರ ಮನೆಯದು. ಅವರಿಗೆ ಹೊಸ ಸೋಫಾ ಬಂದಿದೆ. “ಒಯ್ಯಿರಿ ಮೇಡಂ, ಜಾಗ ಆದ್ರ ಸಾಕಾಗೇದ,” ಎಂದರು.

ಸಾಗವಾನಿ. ಎತ್ತರದ ಬೆನ್ನು. ಮೊಳೆಯಿಲ್ಲ, ಮರದ ಬೆಣೆ — ಈಗೀಗ ಗುರುತಿಸಲು ಬರುತ್ತಿದೆ. ಬೆನ್ನಿನ ಮೇಲ್ತುದಿಗೆ ದಪ್ಪ ಬಿಳಿ ಕಲೆ. ಗೋಡೆಗೆ ಸುಣ್ಣ ಬಳಿಯುವಾಗ ತಾಗಿರಬೇಕು. ಸೋಪುನೀರು ಹಾಕಿ ಉಜ್ಜಿದೆ. ಹೋಯಿತು. ಕುರ್ಚಿಯ ಕೈಗಳ ಕೆಳಗೆ ಹಗ್ಗ ಉಜ್ಜಿದ ಗೆರೆಗಳಿವೆ. ಅವು ಹೋಗಲಿಲ್ಲ.

ಮಾರ್ಚ್ 10

ಸಂಜೆ ಅದರಲ್ಲಿ ಕೂತು ಪದ್ಯ ಓದಿದೆ. ಬೆನ್ನು ತಾನೇ ನೆಟ್ಟಗಾಗುತ್ತದೆ. ಹಗ್ಗದ ಗೆರೆ ಏಕೋ... ಬಂಡಿಯಲ್ಲಿ ಕಟ್ಟಿ ಸಾಗಿಸಿರಬಹುದು.

ಜೂನ್ 14

ಗಾದಿಲಿಂಗಪ್ಪನವರ ತಾಯಿ ಚೆನ್ನಬಸಮ್ಮ ಬಂದಿದ್ದರು. ಹೊಸಪೇಟೆಗೆ ಕಣ್ಣು ತೋರಿಸಲು ಬಂದವರು, ಹಟ ಹಿಡಿದು ಮಗನನ್ನು ಚಿತ್ತವಾಡ್ಗಿಯ ನನ್ನ ಮನೆಗೆ ಕರೆತಂದರಂತೆ. ಕುರ್ಚಿಯ ಮೇಲ್ತುದಿಯನ್ನು ಬೆರಳಿಂದ ತಡವಿದರು.

“ವಿಭೂತಿ ಎಲ್ಲೈತವ್ವಾ?”

ಸುಣ್ಣ ಅಂದುಕೊಂಡು ತೊಳೆದೆ, ಎಂದೆ. ಅವರು ಆ ಬೋಳು ಜಾಗದ ಮೇಲೆ ಅಂಗೈ ಇಟ್ಟರು.

“ನಮ್ಮತ್ತಿ, ನಮ್ಮ ಮಾವ, ನಮ್ಮನಿಯವ್ರು — ಎಲ್ಲಾರ್ನೂ ಕಡೀಗೆ ಇದರಾಗ ಕುಂದರಿಸಿದ್ದು. ವಾಲಬಾರ್ದಂತ ಹಗ್ಗ ಕಟ್ಟಿ. ಮಣ್ಣಿಗೆ ಒಯ್ದ ಮ್ಯಾಲ ಕುರ್ಚಿಗೂ ವಿಭೂತಿ ಹಚ್ಚತಿದ್ವಿ.”

“ಯವ್ವಾ, ಈಗ ಆ ಮಾತ್ಯಾಕ? ಪ್ಲಾಸ್ಟಿಕ್ ಕುರ್ಚಿ ಬೇಕಾದಷ್ಟು ಅದಾವು.”

“ಪ್ಲಾಸ್ಟಿಕ್ಕಿನ್ಯಾಗ ನೀ ಕುಂದ್ರಲೇ.”

ಗಾದಿಲಿಂಗಪ್ಪ ನಕ್ಕರು. ತಾಯಿ ನಗಲಿಲ್ಲ. ವಾಪಸ್ ಒಯ್ಯಿರಿ ಎಂದೆ.

“ಬ್ಯಾಡವ್ವಾ. ಇಂವ ಮತ್ತ ಯಾರಿಗರ ಕೊಡ್ತಾನ. ನಿನ್ನತ್ರನ ಇರ್ಲಿ. ನನಗ ಒಂದಿನದ ಮಟ್ಟಿಗೆ ಕೊಡು.”

ಕೊಡುತ್ತೇನೆ ಎಂದೆ. ಹೋಗುವ ತನಕ ನನ್ನ ಕೈ ಬಿಡಲಿಲ್ಲ.

ಜೂನ್ 15

ವಿಭೂತಿ ಗಟ್ಟಿ ತಂದೆ. ಹಚ್ಚಲಾಗಲಿಲ್ಲ. ನಾನು ಹಚ್ಚಿದರೆ ಅದು ರಿಪೇರಿ ಅಷ್ಟೇ.

ಆಗಸ್ಟ್ 12, ಶ್ರಾವಣ ಸೋಮವಾರ

ಪುಸ್ತಕ ಹಿಡಿದು ನೆಲದ ಮೇಲೆ ಕೂರುತ್ತೇನೆ, ಕುರ್ಚಿಗೆ ಎದುರಾಗಿ. ಚೆನ್ನಬಸಮ್ಮ ಫೋನ್ ಮಾಡಿದ್ದರು.

“ಕುರ್ಚಿ ಮ್ಯಾಲ ಕುಂದರ್ತಿಯಿಲ್ಲೋ?”

ಇಲ್ಲ ಎಂದೆ.

“ಹುಚ್ಚಿ. ನಮ್ಮ ಮಾವ ದಿನಾ ಅದರಾಗ ಕುಂತು ಚಾ ಕುಡಿತಿದ್ದ. ಕುಂದ್ರು.”

ಫೋನ್ ಹಿಡಿದೇ ಕೂತೆ.

“ಕುಂತ್ಯಾ?”

“ಕೂತೆ.”

“ಹಾಂ.”

ನವೆಂಬರ್ 5, ಬೆಳಿಗ್ಗೆ 6

ಗಾದಿಲಿಂಗಪ್ಪನವರ ಫೋನ್. “ಮೇಡಂ... ಕುರ್ಚಿಗೆ ಗಾಡಿ ಕಳಿಸೀನಿ. ಅವ್ವ ಹೇಳಿದ್ಲು, ಮರೀಬ್ಯಾಡಂತ.”

ಒಣ ಬಟ್ಟೆಯಿಂದ ಧೂಳು ತೆಗೆದೆ. ಮೇಲ್ತುದಿ ಇನ್ನೂ ಬೋಳು. ಇವತ್ತು ಅವರ ಮನೆಯವರು ಹಚ್ಚುತ್ತಾರೆ. ಹಾಗೇ ವಾಪಸ್ ತರಬೇಕು. ಒರೆಸದೆ.

ಚೆನ್ನಬಸಮ್ಮನಿಗೆ ಹಗ್ಗ ಬೇಡ. ಒರಟು. ನನ್ನ ಹಳೇ ನೂಲಿನ ಸೀರೆ ತೆಗೆದಿಟ್ಟಿದ್ದೇನೆ, ಮೆತ್ತಗಿದೆ.

ಬಾಗಿಲಲ್ಲಿ ಹಾರ್ನ್. ಕೊಡುವ ಮುಂಚೆ ಒಂದು ಸಲ ಕೂತು ಏಳುತ್ತೇನೆ.