ಫೆಲೆತಿಯ ಎದೆಯ ಅಳತೆ

ನೆಯಾಫು, ವವಾಉ ದ್ವೀಪ
ಮಾರ್ಚ್ 11, ಸೋಮವಾರ

ಗೌರವದ ಅಕ್ಕ ಕಲೋಲೈನೆ ಅವರಿಗೆ ತಮ್ಮ ಪೆನಿಸಿಮಾನಿಯ ನಮನಗಳು.

ಆಕ್ಲೆಂಡಿನಲ್ಲಿ ನೀವು ಆರೋಗ್ಯವಾಗಿದ್ದೀರೆಂದು ನಂಬಿದ್ದೇನೆ. ಅದಕ್ಕಿಂತ ವಿವರವಾಗಿ ಕೇಳುವುದು ತಮ್ಮನಾದ ನನಗೆ ಸಲ್ಲದು. ಇಲ್ಲಿ ನನ್ನ ಮಡದಿ ಲೋಸೆಯೂ ನಾನೂ ಚೆನ್ನಾಗಿದ್ದೇವೆ. ಕೆಸುವಿನ ಗಡ್ಡೆ ಈ ಸಲ ಸಣ್ಣದು.

ಒಡಹುಟ್ಟಿದವಳ ಮುಂದೆ ಶರೀರದ ಮಾತೆತ್ತಬಾರದೆಂಬ ನಮ್ಮ ಮರ್ಯಾದೆಯನ್ನು ಇಂದು ಮುರಿಯುತ್ತಿದ್ದೇನೆ, ಕ್ಷಮಿಸಿ. ನಮ್ಮ ಮಗ ಫೆಲೆತಿಯ ಎದೆಯ ನಡುಮೂಳೆ ಮುಂದಕ್ಕೆ ಉಬ್ಬಿದೆ. ಅವನಿಗೆ ಹದಿಮೂರಾಗಿದ್ದಾಗ ಅಳೆದೆ: ಹದಿನೆಂಟು ಮಿಲಿಮೀಟರ್. ಈಗ ಹದಿನೈದು ವರ್ಷ, ಮೂವತ್ತೊಂದು. ಜಮೀನು ಅಳೆಯುವವನ ಕೈ, ತಪ್ಪಿರಲಾರದು. ಇಲ್ಲಿ ಎಲ್ಲರೂ ಅಂಗಿ ತೊಟ್ಟೇ ಸಮುದ್ರಕ್ಕಿಳಿಯುವುದರಿಂದ ಹೊರಗಿನವರಿಗೆ ಬಹುಕಾಲ ತಿಳಿಯಲಿಲ್ಲ. ಒದ್ದೆ ಅಂಗಿ ಮೈಗೆ ಅಂಟಿದ ಒಂದು ದಿನ ಶಾಲೆಯ ಹುಡುಗರು, “ದಾರಿ ಬಿಡ್ರೋ, ದೋಣಿ ಬರ್ತಿದೆ” ಎಂದರಂತೆ. ಅಂದಿನಿಂದ ಅವನು ನೀರಿಗಿಳಿದಿಲ್ಲ. ಭುಜಗಳನ್ನು ಮುಂದಕ್ಕೆ ಬಾಗಿಸಿಕೊಂಡೇ ನಡೆಯುತ್ತಾನೆ.

ಕಳೆದ ವಾರ ನಿಮ್ಮ ಊರಿನಿಂದ ಮಕ್ಕಳ ಎದೆಗೂಡಿನ ತಜ್ಞೆಯೊಬ್ಬರು ಇಲ್ಲಿಯ ಆಸ್ಪತ್ರೆಗೆ ಬಂದಿದ್ದರು. ಹೃದಯ, ಶ್ವಾಸಕೋಶ ಎರಡೂ ಸರಿಯಾಗಿವೆ, ಹಾಗೆಯೇ ಬಿಟ್ಟರೂ ಪ್ರಾಣಕ್ಕೆ ಅಪಾಯವಿಲ್ಲ ಎಂದರು. ಬಿಡಲಾಗದಿದ್ದರೆ ಎರಡು ದಾರಿ. ಎದೆಯನ್ನೂ ಬೆನ್ನನ್ನೂ ಒತ್ತಿಹಿಡಿಯುವ ಪಟ್ಟಿಯನ್ನು, ಸ್ನಾನದ ಹೊತ್ತು ಬಿಟ್ಟು, ಹಗಲಿರುಳೂ ವರ್ಷಕ್ಕೆ ಮಿಕ್ಕಿ ಕಟ್ಟಿಕೊಳ್ಳುವುದು ಒಂದು; ಅತಿಯಾಗಿ ಬೆಳೆದ ಮೃದು ಎಲುಬನ್ನು ತೆಗೆದು ನಡುಮೂಳೆಯನ್ನು ಹಿಂದಕ್ಕೆ ಕೂರಿಸುವ ಶಸ್ತ್ರಚಿಕಿತ್ಸೆ ಇನ್ನೊಂದು. ಆಕೆ ಅಂಗೈಯಿಂದ ಒತ್ತಿ ನೋಡಿ, “ಎರಡು ವರ್ಷದ ಹಿಂದೆ ಬಂದಿದ್ರೆ ಮೆತ್ತಗಿರ್ತಿತ್ತು. ಯಾಕೆ ಕಾದ್ರಿ?” ಎಂದು ಕೇಳಿದರು. ನಾನು ಪಟ್ಟಿಯ ಬೆಲೆ ಕೇಳಿದೆ. ಫೆಲೆತಿ ನೆಲ ನೋಡುತ್ತಿದ್ದ.

ಆರು ತಿಂಗಳು ಪಟ್ಟಿ ಹಾಕಿ ನೋಡುವುದು, ಮೂಳೆ ಮಣಿಯದಿದ್ದರೆ ಶಸ್ತ್ರಚಿಕಿತ್ಸೆ: ಇದು ಆಕೆಯ ಸಲಹೆ. ಪಟ್ಟಿಯ ಬಿಗಿಯನ್ನು ಆಗಾಗ ಸರಿಪಡಿಸಬೇಕಾದ್ದರಿಂದ ಅವನು ನಿಮ್ಮ ಊರಿನಲ್ಲಿಯೇ ಇರಬೇಕು. ತಮ್ಮನ ಮಕ್ಕಳ ವಿಷಯದಲ್ಲಿ ಸೋದರತ್ತೆಯ ಮಾತೇ ಕೊನೆಯದು. ಆದ್ದರಿಂದ ನಿಮ್ಮ ಒಪ್ಪಿಗೆಯನ್ನೂ ನಿಮ್ಮ ಮನೆಯಲ್ಲಿ ಅವನಿಗೊಂದು ಜಾಗವನ್ನೂ ಬೇಡುತ್ತಿದ್ದೇನೆ. ಗುರುವಾರದ ವಿಮಾನಕ್ಕೆ ಟಿಕೆಟನ್ನು ಮಾತ್ರ ನಿಮ್ಮನ್ನು ಕೇಳುವ ಮೊದಲೇ ತೆಗೆದುಬಿಟ್ಟೆ. “ಅಕ್ಕನಿಗೆ ಹೆದರ್ತೀರೋ, ಮಗನ ಮೂಳೆ ಗಟ್ಟಿಯಾಗೋದಕ್ಕೆ ಹೆದರ್ತೀರೋ, ಯಾವ್ದಾದ್ರೂ ಒಂದನ್ನ ಆರಿಸ್ಕೊಳ್ಳಿ” ಎಂದಳು ಲೋಸೆ. ಆರಿಸಿಕೊಂಡೆ. ಸಮಾಧಾನವೂ ಇಲ್ಲ, ಸಂಕಟವೂ ಇಲ್ಲ. ಆಗಬೇಕಾದ ಕೆಲಸಗಳನ್ನು ಒಂದರ ಹಿಂದೊಂದು ಮಾಡುತ್ತಿದ್ದೇನೆ.

ನಿಮ್ಮ ಮನೆಯವರೆಲ್ಲರಿಗೂ ನಮ್ಮಿಬ್ಬರ ವಂದನೆಗಳು. ಸಂಜೆಯ ಪ್ರಾರ್ಥನೆಯಲ್ಲಿ ಅವನ ಹೆಸರಿರಲಿ.

ನಿಮ್ಮ ತಮ್ಮ,
ಪೆನಿಸಿಮಾನಿ

ಇನ್ನೊಂದು ಮಾತು: ಈ ಕಾಗದವನ್ನು ತರುವ ಪಾದ್ರಿಯವರು ಅಂಗಳದಲ್ಲಿ ಕಾಯುತ್ತಿದ್ದಾರೆ. ನಿಮ್ಮೆದುರು ಎದೆಯ ಮಾತೆತ್ತಲು ನಾಚಿ, ಎರಡು ವರ್ಷವೂ ಅವನಿಗೆ “ಡಾಕ್ಟರಿಗೆ ತೋರ್ಸೋಕೆ ಅತ್ತೆ ಇನ್ನೂ ಒಪ್ಪಿಲ್ಲ” ಎಂದೇ ಹೇಳುತ್ತ ಬಂದೆ. ನಿಮ್ಮನ್ನು ಕೇಳಿಯೇ ಇರಲಿಲ್ಲ. ನೀವು ಫೋನ್ ಮಾಡಿದಾಗಲೆಲ್ಲ ಅವನು ಎದ್ದುಹೋಗುತ್ತಿದ್ದದ್ದು ಅದಕ್ಕೇ. ಇಂದು ಬೆಳಿಗ್ಗೆ ಅವನಿಗೆ ನಿಜ ಹೇಳಿದೆ. “ಹಾಗಾದ್ರೆ ಅತ್ತೆಗೆ ಗೊತ್ತೇ ಇರ್ಲಿಲ್ವಾ?” ಎಂದ. ಇಲ್ಲ ಎಂದೆ. ಅವನು ಎದ್ದುಹೋಗಿ ತನ್ನ ಪೆಟ್ಟಿಗೆ ತುಂಬತೊಡಗಿದ. ನಿಮ್ಮೊಡನೆ ಮಾತಾಡಿಯಾನು. ಪಟ್ಟಿ ಬಿಗಿಯಾದಾಗ ಎಲ್ಲಿ ನೋಯುತ್ತದೆಂದು ನೀವೇ ಕೇಳಬೇಕು, ನನಗೆ ಹೇಳುವುದಿಲ್ಲ.